ಹಿಮ ನೋಡಲು ಎಲ್ಲಿಗೆ, ಯಾವಾಗ?

ಪರೀಕ್ಷೆಗಳು ಮುಗಿಯುವ ಕಾಲ ಬಂದಿತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: “ಈ ಸಲ ಎಲ್ಲಿಗೆ?” ಬಹುಮಟ್ಟಿಗೆ ಉತ್ತರವೂ ಒಂದೇ: “ಊರಿಗೆ.” ಊರಿನಲ್ಲಿ ಮದುವೆಯುಂಟು, ಉಪನಯನವುಂಟು, ಕೋಲವುಂಟು, ಜಾತ್ರೆಯುಂಟು. ಎಲ್ಲಕ್ಕೂ ಮಿಗಿಲಾಗಿ, ಹಣೆಯ ಮೇಲೆ ಕೈಯಿಟ್ಟು ದಾರಿ ನೋಡುವ ಹಿರಿಯರುಂಟು. ಆದುದರಿಂದ ನಮ್ಮವರಿಗೆ ರಜೆಯೆಂದರೆ ಊರು, ಊರೆಂದರೆ ರಜೆ. ಆದರೆ ಪುಣೆಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಈಚೆಗೆ ಬೇರೊಂದು ಉತ್ತರವನ್ನು ಮುಂದಿಡತೊಡಗಿದ್ದಾರೆ: “ಹಿಮ ನೋಡಬೇಕು, ಸ್ಕೀ ಆಡಬೇಕು.”

ಸ್ಕೀ ಎಂದರೇನೆಂದು ಕೇಳುವ ಹಿರಿಯರಿಗಾಗಿ ಎರಡು ಮಾತು. ಕಾಲಿಗೆ ಗಡುಸಾದ ಬೂಟು ತೊಟ್ಟು, ಅದರಡಿ ಆಳೆತ್ತರಕ್ಕೆ ಸಮೀಪವಾದ ಎರಡು ನಯವಾದ ಪಟ್ಟಿಗಳನ್ನು ಬಿಗಿದು, ಕೈಗೊಂದು ಕೋಲು ಹಿಡಿದು ಹಿಮದ ಇಳಿಜಾರಿನಲ್ಲಿ ಜಾರುವ ಆಟವಿದು. ಇದು ಸಿನಿಮಾದಲ್ಲಿ ಮಾತ್ರ ಕಾಣುವ ಶ್ರೀಮಂತರ ವಿನೋದವೆಂದು ನಾವೂ ಬಹುಕಾಲ ತಿಳಿದಿದ್ದೆವು. ಕಾಶ್ಮೀರದ ಆರಿಫ್ ಖಾನರು 2022ರಲ್ಲಿ ಬೀಜಿಂಗಿನ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಸ್ಕೀ ಆಡಿದರು. ಹಿಮವನ್ನೇ ಕಾಣದ ನಮ್ಮ ಕೊಡಗಿನ ಕುವರಿ ತೆಕ್ಕಡ ಭವಾನಿಯವರು 2024ರಲ್ಲಿ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಇಷ್ಟಾದ ಮೇಲೆ ಮಕ್ಕಳ ಆಸೆಯನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಿಮ ನೋಡಲು ಎಲ್ಲಿಗೆ ಹೋಗಬೇಕೆಂದು ವಾಚಕರಲ್ಲಿ ಹಲವರು ನಮ್ಮನ್ನು ಕೇಳುವುದುಂಟು. ನಾವು ಬಲ್ಲುದನ್ನು, ಅದಕ್ಕಿಂತ ಹೆಚ್ಚಾಗಿ ನಾವು ತಪ್ಪಿದುದನ್ನು, ಇಲ್ಲಿ ಹೇಳುತ್ತೇವೆ.

ನಾವು ಪತ್ರಿಕೆಯ ಮೇಜಿಗೆ ಬರುವ ಮೊದಲು ಹೋಟೆಲಿನ ಗಲ್ಲೆಯ ಮೇಲೆ ಕುಳಿತವರೆಂಬುದು ಎಲ್ಲರಿಗೂ ತಿಳಿದಿದೆ. ನಮ್ಮ ಮಗಳು ಮೂರನೆಯ ತರಗತಿಯಲ್ಲಿದ್ದಾಗ, 2017ರಲ್ಲಿ, ಹಿಮ ತೋರಿಸಿರೆಂದು ಮೊದಲು ಕೇಳಿದಳು. “ಬರುವ ವರ್ಷ” ಎಂದೆವು. ಬರುವ ವರ್ಷ ಅಡುಗೆಯ ಭಟ್ಟರು ಊರಿಗೆ ಹೋದವರು ಹಿಂದಿರುಗಲಿಲ್ಲ. ಅದರ ಮರುವರ್ಷ ಅಡುಗೆಮನೆಯ ನೆಲ ಕೀಳಿಸಬೇಕಾಯಿತು. ಹೋಟೆಲಿನವನಿಗೆ ಮನೆ ಬಿಟ್ಟು ಹೊರಡಲು ಬಿಡುವಿಲ್ಲವೆಂಬುದು ನಿಜ. ಆದರೆ ಬಿಡುವು ಹುಡುಕಲು ನಾವು ಮನಸ್ಸು ಮಾಡಲಿಲ್ಲವೆಂಬುದೂ ಅಷ್ಟೇ ನಿಜ. ಕೊನೆಗೆ 2020ರ ಏಪ್ರಿಲ್ ಮೊದಲ ವಾರಕ್ಕೆ ಟಿಕೇಟು ತೆಗೆದೆವು. ಲಕ್ಷ್ಮೀ ರಸ್ತೆಗೆ ಹೋಗಿ ಅವಳಿಗೊಂದು ಕೆಂಪು ಉಣ್ಣೆಯ ಟೊಪ್ಪಿಗೆ ಕೊಂಡೆವು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮಾಳಿಗೆಯ ಕೋಣೆಯಲ್ಲಿ ಉಳಿದ ಹನ್ನೊಂದು ಮಂದಿ ಹುಡುಗರಿಗೆ ಊಟ ಹಾಕಿ, ಅವರನ್ನು ಊರು ಮುಟ್ಟಿಸುವ ಚಿಂತೆಯಲ್ಲಿ ಹಿಮವೂ ಮರೆಯಿತು, ಟೊಪ್ಪಿಗೆಯೂ ಪೆಟ್ಟಿಗೆ ಸೇರಿತು.

2022ರ ಏಪ್ರಿಲ್ ಕೊನೆಯಲ್ಲಿ ಹೇಗೋ ಹೊರಟೆವು. ಪ್ರವಾಸದ ಏಜೆಂಟನೊಬ್ಬನು “ಮನಾಲಿಗೆ ಹೋಗಿ, ಹಿಮ ಸಿಕ್ಕೇ ಸಿಗುತ್ತದೆ” ಎಂದು ಭರವಸೆಯಿತ್ತಿದ್ದನು. ದಾರಿಬದಿಯ ಅಂಗಡಿಯಲ್ಲಿ ದಪ್ಪ ಕೋಟು, ಗಂಬೂಟುಗಳನ್ನು ಬಾಡಿಗೆಗೆ ತೊಟ್ಟು ಸೋಲಂಗ್ ಕಣಿವೆಗೆ ಏರಿದೆವು. ಅಲ್ಲಿ ಕಂಡುದು ಹಸಿರು ಹುಲ್ಲು, ಕೆಸರು, ಸವಾರಿಯ ಕುದುರೆಗಳು. ಹಿಮವೇನೋ ಇತ್ತು, ಕಣ್ಣಿಗೆ ಕಾಣುವಷ್ಟು ದೂರದ ಶಿಖರಗಳ ಮೇಲೆ. “ಹಿಮ ಎಲ್ಲಿ, ಅಪ್ಪಾ?” ಎಂದು ಮಗ ಕೇಳಿದನು. ಮಗಳು ಕೇಳಲಿಲ್ಲ, ಸುಮ್ಮನೆ ಕೋಟಿನ ಗುಂಡಿ ಬಿಚ್ಚತೊಡಗಿದಳು. ಆ ಕೆಂಪು ಟೊಪ್ಪಿಗೆ ಅಷ್ಟರಲ್ಲಿ ಅವಳ ತಲೆಗೆ ಚಿಕ್ಕದಾಗಿ ತಮ್ಮನ ಪಾಲಾಗಿತ್ತು.

ನಮ್ಮ ತಪ್ಪು ಏಜೆಂಟನ ಮಾತು ನಂಬಿದುದು ಮಾತ್ರವಲ್ಲ. ನಾವು ಮೊದಲು ಊರಿನ ಹೆಸರು ಹುಡುಕಿದೆವು, ಆಮೇಲೆ ಪಂಚಾಂಗ ನೋಡಿದೆವು. ಮಾಡಬೇಕಾದುದು ಅದಕ್ಕೆ ವಿರುದ್ಧ. ಹಿಮಕ್ಕೆ ತನ್ನದೇ ಆದ ತಿಂಗಳುಗಳಿವೆ. ನಮ್ಮ ಮಕ್ಕಳ ರಜೆಯನ್ನು ಅದು ಕಾಯುವುದಿಲ್ಲ. ಎಲ್ಲಿಗೆ ಎಂಬ ಪ್ರಶ್ನೆಗೆ ಯಾವಾಗ ಎಂಬುದೇ ಅರ್ಧ ಉತ್ತರ.

ಶಿಮ್ಲಾದ ಬಳಿಯ ಕುಫ್ರಿ, ನಾರಕಂಡಗಳಲ್ಲಿ ಹಿಮದ ಕಾಲ ಬಹುಮಟ್ಟಿಗೆ ಜನವರಿ, ಫೆಬ್ರುವರಿ. ಉತ್ತರಾಖಂಡದ ಔಲಿಯಲ್ಲಿ ಸ್ಕೀ ಆಟ ಜನವರಿಯಿಂದ ಮಾರ್ಚ್ ಆರಂಭದವರೆಗೆ. ಔಲಿಗೆ ಏರುವುದು ಜೋಶಿಮಠದಿಂದ. ಈಗ ಜ್ಯೋತಿರ್ಮಠವೆಂದು ಹೆಸರಾದ ಈ ಊರು ನಮ್ಮ ಶೃಂಗೇರಿಯಂತೆಯೇ ಶಂಕರಾಚಾರ್ಯರ ಪೀಠವಿರುವ ಸ್ಥಳ. 2023ರ ಜನವರಿಯಲ್ಲಿ ಅಲ್ಲಿಯ ನೆಲ ಕುಸಿದು ಮನೆಗಳು ಬಿರುಕುಬಿಟ್ಟವು, ಔಲಿಗೆ ಏರುವ ಹಗ್ಗದ ಗಾಡಿಯನ್ನೂ ನಿಲ್ಲಿಸಲಾಯಿತು. ಹೊರಡುವವರು ಅಲ್ಲಿಯ ಸ್ಥಿತಿಯನ್ನು ವಿಚಾರಿಸಿಯೇ ಹೊರಡಬೇಕು. ಮನಾಲಿಯ ಸೋಲಂಗ್ ಕಣಿವೆಯಲ್ಲಿಯೂ ಆಟದ ಕಾಲ ಜನವರಿ, ಫೆಬ್ರುವರಿಗಳೇ. 2020ರ ಅಕ್ಟೋಬರದಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಆಚೆ, ಲಾಹೌಲಿನಲ್ಲಿ, ಏಪ್ರಿಲಿನಲ್ಲಿಯೂ ಹಿಮ ಉಳಿದಿರುವುದುಂಟು. ಮುಟ್ಟಿ ನೋಡಲು, ಉಂಡೆ ಕಟ್ಟಿ ಎಸೆಯಲು ಅದು ಸಾಕು. ನಾವು ಸೋಲಂಗಿನಿಂದ ಹಿಂದಿರುಗಿದ ದಿನ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಉಳಿದುದು ಕಾಶ್ಮೀರದ ಗುಲ್ಮಾರ್ಗ. ಸುಮಾರು 2,650 ಮೀಟರ್ ಎತ್ತರದ ಈ ಬಯಲಿನಲ್ಲಿ ಮಾರ್ಚ್ ತಿಂಗಳಲ್ಲಿಯೂ ಸಾಮಾನ್ಯವಾಗಿ ಹಿಮವಿರುತ್ತದೆ. ಅಲ್ಲಿಯ ಹಗ್ಗದ ಗಾಡಿ ಎರಡು ಹಂತಗಳಲ್ಲಿ ಅಫರ್ವಟ್ ಪರ್ವತದ ಹೆಗಲಿಗೆ, 3,900 ಮೀಟರಿಗೂ ಮೇಲೆ, ಏರುತ್ತದೆ. ಆ ಎತ್ತರದಲ್ಲಿ ಏಪ್ರಿಲಿನಲ್ಲಿಯೂ ಹಿಮ ನಿಲ್ಲುತ್ತದೆ. ಆದರೆ ಮೇಲಣ ಇಳಿಜಾರು ನುರಿತವರಿಗೆ ಮಾತ್ರ. ಕಲಿಯುವ ಮಕ್ಕಳಿಗೆ ಕೆಳಗಿನ ಬಯಲೇ ಸರಿ, ಅದಕ್ಕೆ ಮಾರ್ಚ್ ದಾಟಬಾರದು. ಈ ಲೆಕ್ಕವೂ ತಪ್ಪುವುದುಂಟು. 2024ರ ಜನವರಿಯಲ್ಲಿ ಗುಲ್ಮಾರ್ಗವೇ ಬಹುದಿನ ಬರಿದಾಗಿತ್ತು. 2025ರ ಫೆಬ್ರುವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕ್ರೀಡಾಕೂಟವನ್ನೇ ಮಾರ್ಚಿಗೆ ಮುಂದೂಡಿದರು. ಆದುದರಿಂದ ಹೋಟೆಲಿನ ಕೋಣೆಗೆ ಮುಂಗಡ ಕೊಡುವ ಮುನ್ನ ಅಲ್ಲಿ ಆ ವಾರ ಹಿಮವಿದೆಯೇ ಎಂದು ಕೇಳಿ ತಿಳಿಯುವುದು ಲೇಸು. ಹಣ ಹಿಂದಿರುಗಿಸುವ ಷರತ್ತನ್ನು ಬರಹದಲ್ಲಿ ಪಡೆಯುವುದು ಇನ್ನೂ ಲೇಸು.

ಇಲ್ಲಿಯೇ ನಮ್ಮವರಿಗೆ ಕಷ್ಟ ಬರುವುದು. ಮಾರ್ಚ್ ಎಂದರೆ ಗುಮಾಸ್ತರಿಗೆ ಲೆಕ್ಕ ಮುಗಿಸುವ ತಿಂಗಳು. ಬ್ಯಾಂಕಿನವರಿಗಂತೂ 31ನೆಯ ತಾರೀಖಿನವರೆಗೆ ತಲೆ ಎತ್ತಲು ಪುರಸೊತ್ತಿಲ್ಲ. ಚಿಕ್ಕ ತರಗತಿಗಳ ಪರೀಕ್ಷೆ ಏಪ್ರಿಲಿಗೆ ಮುಗಿಯುತ್ತದೆ. ಏಪ್ರಿಲ್, ಮೇಗಳಲ್ಲಿ ಕಾಲೇಜುಗಳು ಮುಚ್ಚಿ ಹೋಟೆಲಿನ ವ್ಯಾಪಾರ ಇಳಿದರೂ, ಮಾಣಿಗಳೂ ಭಟ್ಟರೂ ಊರಿಗೆ ಹೊರಡುವುದು ಆಗಲೇ. ಹೀಗೆ ಪ್ರತಿಯೊಬ್ಬನಿಗೂ ಒಂದು ಅಡ್ಡಿಯಿದ್ದೇ ಇದೆ. ಇದಕ್ಕೆ ಪರಿಹಾರ ವರ್ಷದ ಮೊದಲಿನಲ್ಲಿಯೇ ದಿನ ಗೊತ್ತುಮಾಡುವುದೊಂದೇ. ದೊಡ್ಡ ಮಕ್ಕಳ ಹತ್ತನೆಯ ತರಗತಿಯ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುವ ವರ್ಷ ಅದಕ್ಕೆ ಅನುಕೂಲ. ಅದಿಲ್ಲದವರು ಡಿಸೆಂಬರಿನ ರಜೆಗೆ ಒಂದೆರಡು ದಿನ ಸೇರಿಸಿ ಹೋಗಬಹುದು. ಆದರೆ ಆ ತಿಂಗಳಲ್ಲಿ ಹಿಮ ಬಿದ್ದಿರುತ್ತದೆಂಬ ಭರವಸೆ ಇನ್ನೂ ಕಡಿಮೆ.

ಕೇಂದ್ರ ಸರ್ಕಾರದ ನೌಕರರಿಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ಭಾರತದ ಯಾವ ಭಾಗಕ್ಕಾದರೂ ಕುಟುಂಬ ಸಮೇತ ಹೋಗಿಬರಲು ಪ್ರಯಾಣದ ರಿಯಾಯತಿಯುಂಟು. ನಮ್ಮವರಲ್ಲಿ ಅನೇಕರು ಅದನ್ನೂ ಊರಿಗೇ ವ್ಯಯಿಸುತ್ತಾರೆ, ಇಲ್ಲವೆ ಅವಧಿ ಮೀರಲು ಬಿಡುತ್ತಾರೆ. ಹೋಟೆಲ್ ಕೆಲಸಗಾರರಿಗೂ ರಜೆ ಯಜಮಾನನ ಧರ್ಮವಲ್ಲ, ಕಾನೂನಿನ ಹಕ್ಕು. 2017ರ ಮಹಾರಾಷ್ಟ್ರ ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆಯಂತೆ, ಅದು ಅನ್ವಯಿಸುವ ಸಂಸ್ಥೆಗಳಲ್ಲಿ ವರ್ಷಕ್ಕೆ 240 ದಿನ ಕೆಲಸ ಮಾಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ ಸಲ್ಲಬೇಕು. ಇದಲ್ಲದೆ ಎಂಟು ದಿನಗಳ ಸಾಂದರ್ಭಿಕ ರಜೆ ಬೇರೆ. ಇದನ್ನು ನಾವು ಗಲ್ಲೆಯ ಮೇಲೆ ಕುಳಿತಿದ್ದಾಗ ಎಷ್ಟರಮಟ್ಟಿಗೆ ಪಾಲಿಸಿದೆವೆಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾದೀತು. ಆದುದರಿಂದಲೇ ಇಂದು ಬರೆಯುತ್ತಿದ್ದೇವೆ.

ಮತ್ತೆ ನಮ್ಮ ಕತೆಗೆ ಬರೋಣ. ಮಗಳ ಹತ್ತನೆಯ ತರಗತಿಯ ಪರೀಕ್ಷೆ 2024ರ ಮಾರ್ಚಿನಲ್ಲಿ. ಅದೇ ವರ್ಷ ಉಡುಪಿಯ ಕಡೆಯ ಮನೆಯಲ್ಲಿ ನಮ್ಮ ತಾಯಿಯವರು ಬದರಿಗೆ ಕರೆದುಕೊಂಡು ಹೋಗೆಂದು ಬಾಯಿಬಿಟ್ಟು ಕೇಳಿದ್ದರು. ಎರಡನ್ನೂ ಒಂದೇ ಯಾತ್ರೆಯಲ್ಲಿ ಮುಗಿಸಿಬಿಡುವ ಜಾಣತನ ನಮಗೆ ಹೊಳೆಯಿತು: ಜೋಶಿಮಠದ ದಾರಿಯೇ ಬದರಿಯ ದಾರಿಯಷ್ಟೆ! ಆದರೆ ಬದರಿಯ ಬಾಗಿಲು ಚಳಿಗಾಲವೆಲ್ಲ ಮುಚ್ಚಿದ್ದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ತೆರೆಯುತ್ತದೆ. ಅಷ್ಟರಲ್ಲಿ ಔಲಿಯ ಇಳಿಜಾರಿನ ಹಿಮ ಕರಗಿ ಹುಲ್ಲು ಚಿಗುರಿರುತ್ತದೆ. ಅಜ್ಜಿಗೆ ಬೇಕಾದ ತಿಂಗಳು ಒಂದು, ಮೊಮ್ಮಗಳಿಗೆ ಬೇಕಾದುದು ಇನ್ನೊಂದು. ಎರಡು ಪ್ರಯಾಣಕ್ಕೆ ಕೈಯಲ್ಲಿ ಹಣವೂ ಇರಲಿಲ್ಲ, ದಿನವೂ ಇರಲಿಲ್ಲ. ನಾವು ತೊಳಲುತ್ತಿದ್ದುದನ್ನು ಫೋನಿನಲ್ಲಿಯೇ ಗ್ರಹಿಸಿದ ತಾಯಿಯವರು ಹೇಳಿದರು: “ಬದರಿ ಎಲ್ಲಿಗೂ ಹೋಗುವುದಿಲ್ಲ ಮಗಾ. ಮಕ್ಕಳ ಪ್ರಾಯ ನಿಲ್ಲುವುದಿಲ್ಲ. ಅವಳನ್ನು ಮೊದಲು ಕರೆದುಕೊಂಡು ಹೋಗು.” ತಮ್ಮ ಪ್ರಾಯದ ಮಾತನ್ನು ಅವರು ಎತ್ತಲಿಲ್ಲ.

ಝೇಲಂ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಜಮ್ಮು ಮುಟ್ಟಿ, ರಸ್ತೆಯ ದಾರಿಯಿಂದ ಶ್ರೀನಗರಕ್ಕೂ, ಅಲ್ಲಿಂದ ಐವತ್ತು ಕಿಲೋಮೀಟರ್ ದೂರದ ಗುಲ್ಮಾರ್ಗಕ್ಕೂ ಹೋದೆವು. ಈಗ ಹೋಗುವವರಿಗೆ ಪ್ರಯಾಣ ಸುಲಭವಾಗಿದೆ; 2025ರ ಜೂನ್ 6ರಂದು ಚಿನಾಬ್ ಸೇತುವೆಯ ಮೇಲಿಂದ ಕಟರಾ–ಶ್ರೀನಗರ ರೈಲು ಉದ್ಘಾಟನೆಯಾಯಿತು. ಅಲ್ಲಿ ನಾವು ಕಲಿತುದಿಷ್ಟು. ಸ್ಕೀ ಪಟ್ಟಿ, ಬೂಟು, ಕೋಲುಗಳು ಬಾಡಿಗೆಗೆ ಸಿಗುತ್ತವೆ, ಕೊಳ್ಳುವ ಅಗತ್ಯವಿಲ್ಲ. ಬೂಟು ಕಾಲಿಗೆ ಸರಿಯಾಗಿ ಹೊಂದದಿದ್ದರೆ ನಾಚದೆ ಬದಲಾಯಿಸಿಕೊಳ್ಳಬೇಕು. ಕಲಿಸುವವನ ಕೂಲಿಯನ್ನೂ ಗಂಟೆಗಳನ್ನೂ ಮೊದಲೇ ಮಾತಾಡಬೇಕು. ಹಗ್ಗದ ಗಾಡಿಯ ಟಿಕೇಟನ್ನು ಪುಣೆಯಿಂದಲೇ ಮುಂಗಡವಾಗಿ ಕಾದಿರಿಸಬೇಕು. ಮುಂಜಾನೆ ಹಿಮ ಗಟ್ಟಿಯಾಗಿರುತ್ತದೆ, ಬಿಸಿಲೇರಿದಂತೆ ರುಬ್ಬಿದ ದೋಸೆ ಹಿಟ್ಟಿನಂತೆ ಸಡಿಲವಾಗುತ್ತದೆ. ಬೇಗ ಎದ್ದವನಿಗೆ ಆಟ. ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯೇ ಬೇಕು. ಕಪ್ಪು ಕನ್ನಡಕವಿಲ್ಲದೆ ಇಳಿಯಬಾರದು. ಮೊದಲ ದಿನ ವಿಶ್ರಾಂತಿ, ಎರಡನೆಯ ದಿನದಿಂದ ಕಲಿಕೆ, ಒಟ್ಟು ಮೂರು ದಿನವಾದರೂ ಬೇಕು.

ಮಗಳು ಮೊದಲ ದಿನ ಎಷ್ಟು ಸಲ ಬಿದ್ದಳೆಂಬುದಕ್ಕೆ ಲೆಕ್ಕವಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಿದ್ದಿಲ್ಲದೆ ಐವತ್ತು ಗಜ ಜಾರಿ ಬಂದು ನಮ್ಮ ಮುಂದೆ ನಿಂತು, “ಅಪ್ಪಾ, ನೋಡಿದಿರಾ?” ಎಂದಳು. ನೋಡಿದ್ದೆವು. ಹೋಟೆಲಿನಿಂದ ಫೋನು ಬಂದಿತ್ತು, ನಾವು ಎತ್ತಿರಲಿಲ್ಲ.

ಕಾಶ್ಮೀರದ ಮಾತೆತ್ತಿದಾಗ ಇನ್ನೊಂದನ್ನು ಮರೆಮಾಚುವುದು ತರವಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ 26 ಮಂದಿಯನ್ನು ಕೊಂದರು. ಮೃತರಲ್ಲಿ ಪುಣೆಯವರಿದ್ದರು, ಶಿವಮೊಗ್ಗದವರಿದ್ದರು. ನಮ್ಮಂತೆಯೇ ಮನೆಮಂದಿಯೊಡನೆ ರಜೆಗೆ ಹೋದವರು. ಅದಾದ ಮೇಲೆ ಅನೇಕ ಪ್ರವಾಸಿ ಸ್ಥಳಗಳನ್ನು ಮುಚ್ಚಿ, ಹಂತಹಂತವಾಗಿ ಕೆಲವನ್ನು ತೆರೆದರು. ಹೋಗಿರೆಂದು ಒತ್ತಾಯಿಸುವ ಅಧಿಕಾರವಾಗಲಿ, ಹೋಗಬೇಡಿರೆಂದು ಹೆದರಿಸುವ ಅಧಿಕಾರವಾಗಲಿ ನಮಗಿಲ್ಲ. ಸರ್ಕಾರದ ಪ್ರಕಟಣೆ ನೋಡಿ, ಮನೆಯಲ್ಲಿ ಎಲ್ಲರೂ ಕುಳಿತು ತೀರ್ಮಾನಿಸಿರಿ. ಒಬ್ಬರ ಮನಸ್ಸು ಒಪ್ಪದಿದ್ದರೂ ಲಾಹೌಲಿಗೆ ಹೋಗಿರಿ. ಆಟ ಕಡಿಮೆಯಾದರೂ ನಿದ್ದೆ ಬರುತ್ತದೆ.

ಇದಾವುದಕ್ಕೂ ಕೈ ಎಟುಕದವರು ನಮ್ಮ ವಾಚಕರಲ್ಲಿ ಹೆಚ್ಚೆಂಬುದನ್ನು ನಾವು ಬಲ್ಲೆವು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗುವ ಬಂಧುವಿಗೆ ಗುಲ್ಮಾರ್ಗದ ಹೆಸರು ಹೇಳುವುದು ಹಸಿದವನಿಗೆ ಹೋಳಿಗೆಯ ಚಿತ್ರ ತೋರಿಸಿದಂತೆ. ಯಜಮಾನನಲ್ಲಿ ಮುಂಗಡ ಎತ್ತಿ ಹಿಮ ನೋಡುವುದು ಬೇಡವೇ ಬೇಡ. ಆದರೆ ಒಂದು ಮಾತು. ಮಹಾಬಳೇಶ್ವರದ ವೆಣ್ಣಾ ಸರೋವರದ ಸುತ್ತ ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುವುದುಂಟು. ಪುಣೆಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್, ಎಸ್.ಟಿ. ಬಸ್ಸಿನ ದಾರಿ. ಈ ಸಲ ನೀವು ಊರಿಗೆ ಹೋಗುವ ಬದಲು ಅವರನ್ನೇ ಎಂಟು ದಿನ ಇಲ್ಲಿಗೆ ಕರೆಸಿಕೊಳ್ಳಿರಿ. ಹೆಪ್ಪುಗಟ್ಟಿದ ಇಬ್ಬನಿ ಸಿಗಲಿ ಬಿಡಲಿ, ತಂದೆ ದುಡಿಯುವ ಊರನ್ನು ಮಕ್ಕಳು ಒಮ್ಮೆ ಕಣ್ಣಾರೆ ಕಂಡಂತಾಗುತ್ತದೆ.

ಕಡೆಯ ಮಾತು ನಮ್ಮ ಮೇಲಿನ ಸಾಲದ್ದು. ಅಂದು ಮೊಮ್ಮಗಳಿಗೆ ದಾರಿ ಬಿಟ್ಟುಕೊಟ್ಟ ತಾಯಿಯವರಿಗೆ ಬದರಿ ಇನ್ನೂ ಆಗಿಲ್ಲ. “ಬರುವ ವರ್ಷ” ಎಂಬ ಮಾತು ಮತ್ತೆ ನಮ್ಮ ನಾಲಗೆಯ ತುದಿಗೆ ಬಂದಾಗ ಹೆದರಿಕೆಯಾಯಿತು. ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದಿದ್ದೇವೆ. ಯಾತ್ರೆಗೆ ಮುಂಗಡ ನೋಂದಣಿ ಕಡ್ಡಾಯವಾದುದರಿಂದ ಅದರ ಕಾಗದಗಳನ್ನೂ ಸಿದ್ಧಪಡಿಸಿದ್ದೇವೆ. ಹರಿದ್ವಾರದವರೆಗೆ ಟಿಕೇಟು ತೆಗೆದಾಗಿದೆ. ಕೆಂಪು ಟೊಪ್ಪಿಗೆ ಈಗ ಮಗನಿಗೂ ಚಿಕ್ಕದಾಗಿದೆ. ಅಜ್ಜಿಯ ತಲೆಗೆ ಸರಿಹೋಗುತ್ತದೆಂದು ಮಗಳು ಅದನ್ನು ಒಗೆದು ಇಟ್ಟಿದ್ದಾಳೆ. ಮೇ ತಿಂಗಳಲ್ಲಿ ಎರಡು ವಾರ ಈ ಪುಟದಲ್ಲಿ ನಮ್ಮ ಬರಹ ಕಾಣದಿದ್ದರೆ ವಾಚಕರು ಮನ್ನಿಸಬೇಕು.