ಕೊನೆಯ ಪಂಕ್ತಿಯ ಪಥ್ಯ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ; ಆದರೆ ಅದು ‘ಬಲ್ಲವನ’ ವಿಷಯವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ನಮ್ಮ ಮನೆಗಳಲ್ಲಿ ಊಟವನ್ನು ನಿಜವಾಗಿ ಬಲ್ಲವಳು ಹೆಂಗಸು. ಯಾವ ಕಾಲಕ್ಕೆ ಯಾವ ಸೊಪ್ಪು, ಯಾವ ಮಗುವಿಗೆ ಎಷ್ಟು ತುಪ್ಪ, ಹಲ್ಲಿಲ್ಲದ ಹಿರಿಯರಿಗೆ ಎಷ್ಟು ಮೆತ್ತಗಿನ ಮುದ್ದೆ ಎಂಬುದೆಲ್ಲ ಅವಳಿಗೆ ಕರತಲಾಮಲಕ. ಹಾಗಿದ್ದೂ ರಕ್ತಹೀನತೆ ಅವಳನ್ನೇ ಹುಡುಕಿಕೊಂಡು ಬರುವುದೇಕೆ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ನಮ್ಮ ಕರ್ನಾಟಕದಲ್ಲಿ ಸುಮಾರು ೪೮ ಮಂದಿ. ಆಹಾರತಜ್ಞೆಯಾಗಿ ನಾನು ನಡೆದ ದಾರಿಯೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದದ್ದೇ ಆಗಿದೆ.

ಗೃಹವಿಜ್ಞಾನದ ಪದವಿ ಪಡೆದು ಒಂದು ಆಸ್ಪತ್ರೆಯ ಪಥ್ಯವಿಭಾಗವನ್ನು ಸೇರಿದಾಗ ನನ್ನ ಕೈಯಲ್ಲಿದ್ದ ಆಯುಧವೆಂದರೆ ಪೋಷಕಾಂಶಗಳ ಕೋಷ್ಟಕ. ಅದು ಸಾಮಾನ್ಯ ಆಯುಧವಲ್ಲ. ೧೯೧೮ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಪುಟ್ಟ ಸಂಶೋಧನಾಲಯವು ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ನಾವು ತಿನ್ನುವ ಕಾಳು, ಸೊಪ್ಪು, ಗೆಡ್ಡೆಗಳಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಅಳೆದು ಹೇಳಿದ ಕೀರ್ತಿ ಈ ಪರಂಪರೆಯದು. ಬಡವರ ಧಾನ್ಯವೆಂದು ಪೇಟೆಯವರು ಮೂಗು ಮುರಿಯುತ್ತಿದ್ದ ರಾಗಿಯ ೧೦೦ ಗ್ರಾಂನಲ್ಲಿ ಸುಮಾರು ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಓದಿದ ದಿನ ನಾನು ಹಿಗ್ಗಿದ್ದು ಇನ್ನೂ ನೆನಪಿದೆ.

ಮಂಡ್ಯದ ಕಡೆಯ ನಡುವಯಸ್ಸಿನ ಒಬ್ಬಾಕೆ ಒಮ್ಮೆ ನನ್ನೆದುರು ಕುಳಿತಿದ್ದರು. ರಕ್ತ ತೀರ ಕಡಿಮೆ. ಮೆಟ್ಟಿಲು ಹತ್ತಿದರೆ ಏದುಸಿರು. ಬೆಳಗಿನಿಂದ ರಾತ್ರಿಯವರೆಗಿನ ಆಹಾರದ ಪಟ್ಟಿಯನ್ನು ಓದಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿ, “ನೀವು ಬರ್ದಿರೋದೆಲ್ಲ ಚೆನ್ನಾಗೈತೆ ತಾಯಿ. ಆದ್ರೆ ನಾನು ಉಣ್ಣೋ ಹೊತ್ಗೆ ಮಡಕೇಲಿ ಏನ್ ಉಳ್ದದೋ ಅದೇ ನನ್ ಪಾಲು” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಮಳೆಗಾಲದಲ್ಲಿ ಮಳೆ ಬರುತ್ತದೆ ಎಂಬಷ್ಟು ಸಹಜವಾಗಿ ಆಡಿದ ಮಾತದು. ಏನು, ಎಷ್ಟು, ಯಾವಾಗ ಎಂಬುದಕ್ಕೆ ನನ್ನ ಪಟ್ಟಿಯಲ್ಲಿ ಮನೆಗಳಿದ್ದುವು; ಯಾರ ನಂತರ ಎಂಬುದಕ್ಕೆ ಮನೆಯಿರಲಿಲ್ಲ. ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಅದೇ ಆಯಿತು.

ಆ ಪ್ರಶ್ನೆಯ ತೂಕವನ್ನು ಕೋಷ್ಟಕವೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಗುರ ಕೆಲಸದ ಗಂಡಸಿಗೆ ದಿನಕ್ಕೆ ೨೧೧೦ ಕ್ಯಾಲೊರಿ ಶಕ್ತಿ ಬೇಕು, ಹೆಂಗಸಿಗೆ ೧೬೬೦ ಸಾಕು. ಕಬ್ಬಿಣಾಂಶವಾದರೋ ಅವನಿಗೆ ೧೯ ಮಿಲಿಗ್ರಾಂ, ಅವಳಿಗೆ ೨೯. ಎಂದರೆ, ಅವಳ ಎಲೆಯಲ್ಲಿ ಅನ್ನ ಕಡಿಮೆಯಿದ್ದರೂ ಸತ್ವ ಹೆಚ್ಚಿರಬೇಕು. ಕೊನೆಯ ಪಂಕ್ತಿಯ ನಿಯಮ ಇದಕ್ಕೆ ನೇರ ವಿರುದ್ಧ. ಸೊಪ್ಪು, ಕಾಳು, ಮೊಸರು ಮೊದಲಿನ ಪಂಕ್ತಿಗಳಲ್ಲೇ ತೀರುತ್ತವೆ; ಉಳಿಯುವುದು ಅನ್ನ ಮತ್ತು ಸಾರಿನ ತಿಳಿ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ವಿಜ್ಞಾನವೂ ಅಡಿಗೆಮನೆಯೂ ಹಗೆಗಳಲ್ಲವೆಂಬ ನಂಬಿಕೆಯನ್ನು ನನಗೆ ಕೊಟ್ಟದ್ದು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯ ವೃತ್ತಾಂತ. ೧೯೨೮ರಲ್ಲಿ ಮುಂಬಯಿಗೆ ಬಂದ ಆಕೆ, ಬಡ ಗಿರಣಿಕೆಲಸದ ಬಸುರಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಅವರ ಊಟವನ್ನೂ ನೋಡಿದರು. ಕೊನೆಗೆ ಗುಣ ತೋರಿಸಿದ್ದು ಮಾರ್ಮೈಟ್ ಎಂಬ ಯೀಸ್ಟಿನ ಸಾರ. ಅದು ರೊಟ್ಟಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ! ೧೯೩೧ರಲ್ಲಿ ಈ ಶೋಧ ಪ್ರಕಟವಾಯಿತು. ಹತ್ತು ವರ್ಷಗಳ ಮೇಲೆ, ೧೯೪೧ರಲ್ಲಿ, ಅಂಥದೇ ಗುಣದ ವಸ್ತುವೊಂದನ್ನು ಸೊಪ್ಪಿನಿಂದ ಬೇರ್ಪಡಿಸಿದವರು ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿನ ಮೂಲಕ್ಕೆ ‘ಎಲೆ’ ಎಂದೇ ಅರ್ಥ. ಇಂದು ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ.

ನಾನು ಸಮನ್ವಯದ ಹಾದಿ ಹಿಡಿದದ್ದು ಹೀಗೆ. ಹಳ್ಳಿಯ ಮುದುಕಿಯರ ಬಳಿ ಕುಳಿತು ಕೇಳಿದೆ. ಕೇಳಿದ್ದನ್ನು ಮೊರದಲ್ಲಿ ಹಾಕಿ ಕೇರಿದೆ. ಮೈನೆರೆದ ಹುಡುಗಿಗೆ ಕೊಡುವ ಎಳ್ಳು–ಬೆಲ್ಲದ ಚಿಗಳಿ, ಮೊಳಕೆ ಕಟ್ಟಿದ ಹುರುಳಿಯ ಸಾರು, ನುಗ್ಗೆಸೊಪ್ಪಿನ ಪಲ್ಯ — ಇವು ಕಾಳು. ಮೊಳಕೆ ಬರಿಸಿದಾಗ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಊಟದೊಡನೆ ನಿಂಬೆಯನ್ನೋ ನೆಲ್ಲಿಯನ್ನೋ ಸೇರಿಸಿದರೆ ಅದರ ‘ಸಿ’ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಉಂಡ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಬಾಣಂತಿಗೆ ನೀರು ಕೊಡಬಾರದು, ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂಬ ಮಾತುಗಳು — ಇವು ಹೊಟ್ಟು. ಹಳೆಯದೆಂಬ ಕಾರಣಕ್ಕೆ ಪೂಜಿಸುವುದೂ, ಹಳೆಯದೆಂಬ ಕಾರಣಕ್ಕೆ ಜರೆಯುವುದೂ ಒಂದೇ ಬಗೆಯ ಸೋಮಾರಿತನ.

ಸಮನ್ವಯದ ಹೆಸರಿನಲ್ಲಿ ಚೂರ್ಣಗಳನ್ನು ಮಾರಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಿಸುವವರೂ ಇಂದು ಕಡಿಮೆಯಿಲ್ಲ. ಬಸುರಿಯ ಹಿಮೋಗ್ಲೋಬಿನ್ ೭ ಗ್ರಾಂಗಿಂತ ಕೆಳಗಿಳಿದಿದ್ದರೆ ಅವಳಿಗೆ ಬೇಕಾದದ್ದು ಆಸ್ಪತ್ರೆ. ಯಾವ ಸೊಪ್ಪೂ ಆ ಹೊತ್ತಿಗೆ ಒದಗುವುದಿಲ್ಲ. ಮಾತ್ರೆ ಇಂದಿನ ಸಾಲವನ್ನು ತೀರಿಸುತ್ತದೆ. ಊಟ ನಾಳೆ ಸಾಲವಾಗದಂತೆ ಕಾಯುತ್ತದೆ.

ಈಗ ನಾನು ಬಸುರಿಯೊಡನೆ ಬಂದ ಅತ್ತೆಯನ್ನೂ ಒಳಗೆ ಕರೆಯುತ್ತೇನೆ. ಸೌಟು ಅವರ ಕೈಯಲ್ಲಿರುವುದರಿಂದ ಪಥ್ಯದ ಮೊದಲ ಸಾಲನ್ನು ಅವರಿಗೇ ಹೇಳುತ್ತೇನೆ: “ಬಡಿಸುವುದಕ್ಕೆ ಮುಂಚೆ ಸೊಸೆಯ ಪಾಲನ್ನು ತೆಗೆದಿಡಿ. ನಿಮ್ಮ ಪಾಲನ್ನೂ ತೆಗೆದಿಡಿ.” ಎರಡನೆಯ ಮಾತಿಗೆ ಒಬ್ಬ ಅತ್ತೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, “ನಮ್ಮನ್ನ ಹಿಂಗೆ ಯಾರೂ ಕೇಳ್ನಿಲ್ಲ ಬುಡವ್ವ” ಎಂದರು. ಕೆಲವು ತಿಂಗಳ ಮೇಲೆ ಆ ಸೊಸೆಯ ರಕ್ತ ಏರಿತು. ಮಾತ್ರೆಯಿಂದಲೋ, ತೆಗೆದಿಟ್ಟ ಪಾಲಿನಿಂದಲೋ ಎಂದು ಬೇರ್ಪಡಿಸಿ ಹೇಳಲಾರೆ. ಬೇರ್ಪಡಿಸುವ ಅಗತ್ಯವೂ ನನಗೆ ಕಾಣಲಿಲ್ಲ.

ಈ ಪಥ್ಯಕ್ಕೆ ಕಾಸು ಖರ್ಚಿಲ್ಲ, ಅಂಗಡಿಯ ಹಂಗಿಲ್ಲ. ಆದರೂ ನಾನು ಬರೆಯುವ ಪಥ್ಯಗಳಲ್ಲೆಲ್ಲ ನಡೆಸಲು ಅತಿ ಕಷ್ಟವಾದದ್ದು ಇದೇ. ಏಕೆಂದರೆ ಇದನ್ನು ರೋಗಿಯೊಬ್ಬಳೇ ನಡೆಸಲಾರಳು. ಮೊದಲ ಪಂಕ್ತಿಯಲ್ಲಿ ಕುಳಿತವರೂ ನಡೆಸಬೇಕು.