ಬೂದಿ ಬೆರೆತ ಸಿಮೆಂಟ್ ಗಟ್ಟಿಯೇ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಮೇಸ್ತ್ರಿ ಪಿಪಿಸಿ ಸಿಮೆಂಟ್ ತರಲು ಹೇಳಿದ್ದಾರೆ. ಅದರಲ್ಲಿ ಬೂದಿ ಇರುತ್ತದಂತೆ. ಕಾಂಕ್ರೀಟ್ ದುರ್ಬಲವಾಗುವುದಿಲ್ಲವೇ?

ಉತ್ತರ: ಇಲ್ಲ, ಧೈರ್ಯವಾಗಿ ಬಳಸಿ. ಇದು ಒಲೆಯ ಬೂದಿಯಲ್ಲ. ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಮೇಲೇಳುವ ಹಾರುಬೂದಿ. ಸೂಕ್ಷ್ಮದರ್ಶಕದಡಿ ಇದರ ಕಣಗಳು ಗಾಜಿನ ಪುಟ್ಟ ಗೋಲಿಗಳಂತೆ ಕಾಣುತ್ತವೆ. ಸಿಮೆಂಟಿಗೆ ನೀರು ಸೇರಿದಾಗ ಒಂದಷ್ಟು ಸುಣ್ಣ ಹೊರಬರುತ್ತದೆ. ಬೂದಿಯಲ್ಲಿನ ಸಿಲಿಕಾ ಆ ಸುಣ್ಣದೊಡನೆ ಕೂಡಿ ಹೊಸ ಅಂಟಾಗುತ್ತದೆ, ಸಣ್ಣ ರಂಧ್ರಗಳನ್ನು ತುಂಬುತ್ತದೆ. ನೀರು, ಉಪ್ಪಿನಂಶ ಒಳಗಿಳಿಯುವುದು ತಗ್ಗುತ್ತದೆ.

ಪರಿಸರಕ್ಕಂತೂ ದೊಡ್ಡ ಲಾಭ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಆಗ ಉರುವಲಿನಿಂದಷ್ಟೇ ಅಲ್ಲ, ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪಿಪಿಸಿಯಲ್ಲಿ ಶೇ 15ರಿಂದ 35ರಷ್ಟು ಬೂದಿಯೇ ಇರುವುದರಿಂದ ಅಷ್ಟು ಸುಡುವ ಕೆಲಸ ಉಳಿಯುತ್ತದೆ. ಹೊಂಡ ಸೇರಿ ಗಾಳಿ, ನೀರು ಕೆಡಿಸುತ್ತಿದ್ದ ಬೂದಿಯೂ ಕರಗುತ್ತದೆ. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ನುಣ್ಣಗೆ ಅರೆದು ಬೆರೆಸುವ ಸಿಮೆಂಟೂ ಇದೆ.

ಒಂದು ಎಚ್ಚರ ಬೇಕು. ಬೂದಿಯ ಕ್ರಿಯೆ ನಿಧಾನ, ಮೊದಲ ದಿನಗಳಲ್ಲಿ ಬಲ ತುಸು ಕಡಿಮೆ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬೇಡಿ. ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಕ್ಯೂರಿಂಗ್ ಮಾಡಿಸಿ. ಮನೆಯ ಹಿತ್ತಿಲ ಬೂದಿಯನ್ನು ಮಾತ್ರ ಯಾವ ಕಾರಣಕ್ಕೂ ಬೆರೆಸಬೇಡಿ.