ಪುಕ್ಕಟೆ ಮಾಲಿಗೂ ಒಡೆಯನುಂಟು

ನಮ್ಮ ಮನೆಗಳ ಮಕ್ಕಳು ಆಡುವ ಕಂಪ್ಯೂಟರ್ ಆಟಗಳಲ್ಲಿ 'ಮಾಡ್' ಎಂಬುದೊಂದುಂಟು. ಕಂಪನಿಯ ಆಟಕ್ಕೆ ಆಟಗಾರರೇ ಹೊಸ ನಕಾಶೆ, ಪಾತ್ರ, ನಿಯಮ ಸೇರಿಸಿ, ಹೆಚ್ಚಾಗಿ ಪುಕ್ಕಟೆಯಾಗಿಯೇ ಹಂಚುತ್ತಾರೆ. ಪುಕ್ಕಟೆ ಎಂದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮಾಲಲ್ಲ.

1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ 'ಡೂಮ್' ಆಟವನ್ನು ಹೊರತಂದಿತು. ಆಟ ನಡೆಸುವ ಪ್ರೋಗ್ರಾಂ ಬೇರೆ, ಚಿತ್ರ-ನಕಾಶೆಗಳ ಕಡತ ಬೇರೆ ಇದ್ದುದರಿಂದ ಆಟಗಾರರು ತಮ್ಮದೇ ನಕಾಶೆ ಮಾಡತೊಡಗಿದರು. ಹಂಚುವಾಗ ಜೊತೆಗೊಂದು ಚೀಟಿ ಇಡುವ ರೂಢಿ ಬೆಳೆಯಿತು. ಮಾಡಿದವರು ಯಾರು, ನೆರವು ಯಾರದು, ಇತರರು ಇದನ್ನು ತಿದ್ದಿ ಬಳಸಬಹುದೇ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಸರಕಿನೊಡನೆ ಬೀಜಕ ಇದ್ದಂತೆ.

ಮರ್ಯಾದೆಯ ನಿಯಮಗಳು ಸರಳ. ಇನ್ನೊಬ್ಬರ ಕೆಲಸವನ್ನು ತನ್ನದರಲ್ಲಿ ಸೇರಿಸುವ ಮುನ್ನ ಕೇಳಬೇಕು. ಉತ್ತರ ಬಾರದಿದ್ದರೆ ಅದನ್ನೇ ಒಪ್ಪಿಗೆ ಎಂದು ತಿಳಿಯಬಾರದು. ಮೂಲದವರ ಹೆಸರು ಹೇಳಬೇಕು. ಮಾಡ್ ಜೊತೆಗೆ ಕಂಪನಿಯ ಆಟವನ್ನೇ ನಕಲು ಮಾಡಿ ಹಂಚಬಾರದು.

2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಕಂಪನಿಗಳು 'ಸ್ಕೈರಿಮ್' ಆಟದ ಮಾಡ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟವು. ಮಾಡಿದವನಿಗೆ ನೂರಕ್ಕೆ 25ರ ಪಾಲು. ಮಾರಾಟಕ್ಕಿಟ್ಟ ಒಂದು ಮಾಡ್, ಬೇರೊಬ್ಬರು ಪುಕ್ಕಟೆ ಕೊಟ್ಟ ಕೆಲಸದ ಮೇಲೆ ನಿಂತಿದೆ ಎಂಬ ತಕರಾರೆದ್ದು, ಅದನ್ನು ಹಿಂದೆಗೆಯಬೇಕಾಯಿತು. ಕೆಲವೇ ದಿನಗಳಲ್ಲಿ ಇಡೀ ಯೋಜನೆಯೇ ನಿಂತು, ಕೊಂಡವರಿಗೆ ಹಣ ವಾಪಸಾಯಿತು.

ಪುಕ್ಕಟೆ ಕೊಟ್ಟವನಿಗೆ ಸಿಗುವ ಆದಾಯ ಅವನ ಹೆಸರೊಂದೇ. ಅದನ್ನೂ ಅಳಿಸಿದರೆ ಮುಂದೆ ಕೊಡುವವರು ಯಾರು? ಮಕ್ಕಳು ಮಾಡ್ ಹಂಚುವಾಗ, "ಚೀಟಿ ಓದಿದೆಯಾ, ಕೇಳಿದೆಯಾ?" ಎಂದು ಮನೆಯ ಹಿರಿಯರು ವಿಚಾರಿಸಲಿ.